ಯಾರೋ ಬದಲಿಸಿದ ಹಳೇ ಶಾರ್ಟ್‌ಸ್ಕೇಲ್ ಬೇಸ್ ಕೊಳ್ಳೂಕಿಂತ ಮೊದ್ಲ ಏನೇನ್ ನೋಡ್ಬೇಕು: ಸಮಗ್ರ ಮಾರ್ಗದರ್ಶಿ

ನಮ್ಮ ಬೆಳಗಾವಿಗೆ ಗೋವಾ ಹತ್ರ ಇರೋದ್ರಿಂದ ಒಂದ್ ಲಾಭ ಐತ್ರಿ. ಅಲ್ಲಿ ಚರ್ಚಿನ್ಯಾಗ, ಮದ್ವಿ ಬ್ಯಾಂಡಿನ್ಯಾಗ ನುಡಿಸ್ತಿದ್ದೋರು, ಹಡಗಿನ್ಯಾಗ ಕೆಲ್ಸ ಮಾಡಿ ಹೊರದೇಶದಿಂದ ಗಿಟಾರ್ ತಂದೋರು ಭಾಳ ಮಂದಿ ಇದ್ರು, ಅವ್ರ ಮನೀ ಅಟ್ಟದ ಮ್ಯಾಲಿಂದ 60ರ, 70ರ ದಶಕದ ಸಣ್ಣ ಬೇಸ್ ಗಿಟಾರ್ ಆಗಾಗ ಚೋರ್ಲಾ ಘಾಟ್ ಹತ್ತಿ ಈ ಕಡೆ ಬರ್ತಾವ. ಕ್ಯಾಂಪ್‌ನ್ಯಾಗ, ಟಿಳಕವಾಡಿಯೊಳಗ ಹಳೇ ಮನಿಗಳೊಳಗೂ ಒಂದೊಂದ್ ಅದಾವ. ಆದ್ರ ಐವತ್ತ್ ವರ್ಷ ಕೈಯಿಂದ ಕೈಗೆ ತಿರುಗಿದ ವಾದ್ಯ ಇದ್ದಂಗ ಇರಂಗಿಲ್ಲ, ಯಾರೋ ಪಿಕಪ್ (ತಂತಿಯ ಮಿಡಿತ ಹಿಡದು ಆಂಪಿಗೆ ಕಳಿಸೋ ಸಾಧನ) ಬದಲಿ ಮಾಡಿರ್ತಾರ, ಯಾರೋ ಬಡಿಗ್ಯಾರ ಕಡಿಂದ ಹೊಸಾ ತೂತು ಕೊರಸಿರ್ತಾರ, ಯಾರೋ ಆಟೋ ಪೇಂಟ್ ಹೊಡಿಸಿರ್ತಾರ. ಇಂಥಾದ್ದು ಕೈಗೆ ಬಂದಾಗ ತಗೋಬೇಕೋ ಬ್ಯಾಡೋ, ತಗೊಂಡ್ರ ಎಷ್ಟಕ್ಕ, ಅದನ್ನ ನೋಡೋ ರೀತಿ ಇಲ್ಲಿ ಬರೀತೀನಿ.

ನಾ ಮೊದ್ಲ ಕೇಳ್ಕೊಳ್ಳೋ ಪ್ರಶ್ನೆ ಒಂದ: ಬದಲಿ ಮಾಡಿದೋರು ಮರಕ್ಕ ಕೈ ಹಚ್ಯಾರೋ, ಬರೇ ಸ್ಕ್ರೂ-ವಾಯರಿಗೆ ಕೈ ಹಚ್ಯಾರೋ. ವಾಯರ್, ಪಾಟ್ (ವಾಲ್ಯೂಮ್, ಟೋನ್ ನಾಬಿನ ಒಳಭಾಗ), ಶ್ರುತಿ ಮಾಡೋ ಬಿರಡಿ, ಬ್ರಿಜ್ (ಬಾಡಿ ಮ್ಯಾಲ ತಂತಿ ಕೂಡೋ ತುಂಡು) ಇವೆಲ್ಲಾ ಇವತ್ತಲ್ಲ ನಾಳೆ ಬದಲಿ ಸಿಗ್ತಾವ. ಮರ ಕೆತ್ತಿದ್ದು ವಾಪಸ್ ಬರಂಗಿಲ್ಲ. ಅದ್ರಾಗೂ ನೆಕ್, ಅಂದ್ರ ಎಡಗೈಲೆ ಹಿಡಿಯೋ ಉದ್ದನ ಕುತಗಿ, ಬೇಸಿನ ಬೆನ್ನೆಲುಬು, ಅದು ಕೆಟ್ಟಿದ್ರ ಬಾಡಿ ಎಷ್ಟ ಚಲೋ ಇದ್ರೂ ಉಪಯೋಗ ಇಲ್ಲ. ಇದನ್ನ ನಾ ರೊಕ್ಕ ಕಳ್ಕೊಂಡ ಕಲ್ತಿದ್ದು. ಹನ್ನೊಂದ್ ವರ್ಷದ ಹಿಂದ ಒಂದ್ ಜಪಾನಿ ಬೇಸ್ ತಗೊಂಡಿದ್ದೆ, ಬಣ್ಣ ಮಸ್ತ್ ಇತ್ತು, ಆವಾಜೂ ಚಲೋ ಇತ್ತು, ಜೂನ್ ತಿಂಗಳ ಮಳಿಯಾಗ ತಗೊಂಡಿದ್ದೆ. ಮುಂದಿನ ಏಪ್ರಿಲ್‌ನ್ಯಾಗ ವಿಜಯಪುರದಾಗ ಒಂದ್ ರಸಮಂಜರಿ ಕಾರ್ಯಕ್ರಮಕ್ಕ ಒಯ್ದೆ, ಬಿಸಲಿನ್ಯಾಗ ವ್ಯಾನಿನೊಳಗ ಮೂರ್ ತಾಸು ಇತ್ತು, ಸಂಜೀಕ ತಗದ್ರ ನೆಕ್ ಬಿಲ್ಲಿನಂಗ ಬಾಗಿತ್ತು. ಸರಿ ಮಾಡೋಣಂತ ಟ್ರಸ್ ರಾಡ್ (ಬಾಗು ಸರಿ ಮಾಡಾಕ ನೆಕ್ಕಿನೊಳಗ ಇಟ್ಟ ಸರಳು) ತಿರುವಾಕ ಹೋದ್ರ ಅದು ಮೊದ್ಲ ಕಡೀತನಕ ತಿರುವಿ ಕುಂತಿತ್ತು, ಕೂದಲೆಳಿ ಸೈತ ಮುಂದ ಹೋಗ್ಲಿಲ್ಲ. ಮಾರಿದವ್ರಿಗೆ ಗೊತ್ತಿತ್ತೋ ಇಲ್ಲೋ ನಾ ಹೇಳಾಕಾಗಂಗಿಲ್ಲ, ಆದ್ರ ನಾ ಒಂದ್ ಸ್ಕ್ರೂ ಬಿಚ್ಚಿ ನೋಡಿದ್ರ ಅಂದ ಗೊತ್ತಾಗ್ತಿತ್ತು.

ಶಾರ್ಟ್‌ಸ್ಕೇಲ್ ಅಂದ್ರ ಏನು, ಹೆಂಗ ಅಳೀಬೇಕು

ಸ್ಕೇಲ್ ಅಂದ್ರ ನಟ್‌ನಿಂದ ಬ್ರಿಜ್‌ತನಕ ತಂತಿ ಮಿಡಿಯೋ ಉದ್ದ. ನಟ್ ಅಂದ್ರ ತಲೀ ಹತ್ರ ತಂತಿ ಕೂಡೋ ಸಣ್ಣ ಪಟ್ಟಿ. ಫೆಂಡರ್ 1951ರಾಗ ತಂದ ಪ್ರಿಸಿಷನ್ ಬೇಸ್ 34 ಇಂಚು, ಅದಕ್ಕ ಲಾಂಗ್ ಸ್ಕೇಲ್ ಅಂತಾರ. 30 ಇಂಚಿನ ಹತ್ರ ಇದ್ರ ಶಾರ್ಟ್‌ಸ್ಕೇಲ್. ಬೀಟಲ್ಸ್ ಬ್ಯಾಂಡಿನ ಪಾಲ್ ಮೆಕಾರ್ಟ್ನಿ ಕೈಯಾಗ ನೋಡಿದ ವಯೋಲಿನ್ ಆಕಾರದ ಹಾಫ್ನರ್ 500/1 ಶಾರ್ಟ್‌ಸ್ಕೇಲ್. ಗಿಬ್ಸನ್‌ದು 1959ರ ಇಬಿ-0, 1961ರ ಇಬಿ-3 ಇವು 30.5 ಇಂಚು, ಕ್ರೀಮ್ ಬ್ಯಾಂಡಿನ ಜಾಕ್ ಬ್ರೂಸ್ ನುಡಿಸ್ತಿದ್ದದ್ದು ಇಬಿ-3. ಫೆಂಡರ್‌ದು 1966ರ ಮಸ್ಟಾಂಗ್ ಬೇಸ್, ಆಮ್ಯಾಲ ಬಂದ ಮ್ಯೂಸಿಕ್‌ಮಾಸ್ಟರ್ ಬೇಸ್ 30 ಇಂಚು. ಇದ್ರ ಜೋಡಿ ಟೀಸ್ಕೋ, ಗುಯಾಟೋನ್, ಕವಾಯಿ ಅಂತ ಜಪಾನಿ ಕಂಪನಿಗಳ ಬೇಸು, ಅವಕ್ಕ ಒಂದೊಂದ್ ದೇಶದಾಗ ಒಂದೊಂದ್ ಹೆಸರಿನ ಪಟ್ಟಿ ಹಚ್ಚಿ ಮಾರ್ತಿದ್ರು, ಹಿಂಗಾಗಿ ತಲೀ ಮ್ಯಾಲಿನ ಹೆಸರು ನೋಡಿ ಏನೂ ಗೊತ್ತಾಗಂಗಿಲ್ಲ.

ಅಳಿಯೋದ್ ಸಸಾರ ಐತಿ. ನೆಕ್ ಮ್ಯಾಲಿನ ಅಡ್ಡ ಲೋಹದ ಪಟ್ಟಿಗೆ ಫ್ರೆಟ್ ಅಂತಾರ. ನಟ್‌ನಿಂದ 12ನೇ ಫ್ರೆಟ್ಟಿನ ನಡುಮಧ್ಯಕ್ಕ ಟೇಪ್ ಹಿಡೀರಿ, ಬಂದದ್ದನ್ನ ಎರಡರಿಂದ ಗುಣಿಸ್ರಿ. 15 ಇಂಚು ಬಂದ್ರ 30, 17 ಬಂದ್ರ 34. ಬ್ರಿಜ್‌ತನಕ ಅಳೀಬ್ಯಾಡ್ರಿ, ಯಾಕಂದ್ರ ಬ್ರಿಜ್‌ನ್ಯಾಗ ಪ್ರತಿ ತಂತಿಗೂ ಸ್ವಲ್ಪ ಹಿಂದ ಮುಂದ ಇರ್ತೈತಿ. ಆದ್ರ ಬ್ರಿಜ್ ಬದಲಿ ಮಾಡಿದ ಬೇಸಿದ್ರ ಆಮ್ಯಾಲ 12ನೇ ಫ್ರೆಟ್ಟಿನಿಂದ ಬ್ರಿಜ್‌ಗೂ ಅಳದು ನೋಡ್ರಿ, ಅದು ಮೊದಲಿನ ಅರ್ಧಕ್ಕಿಂತ ಒಂಚೂರು ಹೆಚ್ಚಿರ್ಬೇಕು, ಕಡಿಮಿ ಬಂತಂದ್ರ ಬ್ರಿಜ್ ತಪ್ಪ ಜಾಗಾದಾಗ ಕುಂಡ್ರಿಸ್ಯಾರ, ಅದು ಯಾವತ್ತೂ ಶ್ರುತಿಗೆ ಬರಂಗಿಲ್ಲ.

ಅದ ತಂತಿ, ಅದ ಸ್ವರ, ಉದ್ದ 34ರ ಬದ್ಲಿ 30 ಆದ್ರ ತಂತಿಯ ಬಿಗಿ ಸುಮಾರು ನೂರಕ್ಕ 22 ಕಡಿಮಿ ಆಗ್ತೈತಿ. ಬಳ್ಳಿಗೆ ಹಗುರ, ಸಣ್ಣ ಕೈಯೋರಿಗೆ ಭಾಳ ಚಲೋ, ಆವಾಜು ಗುಂಡಗ ಬರ್ತೈತಿ. ಆದ್ರ ಅದ ಕಾರಣಕ್ಕ ಮಂದ್ರದ ಇ ತಂತಿ ಸಡಲ ಅನಸ್ತೈತಿ, ಲಗೂನ ಝರಝರ ಅಂತೈತಿ. ಹಿಂಗಾಗಿ ಶಾರ್ಟ್‌ಸ್ಕೇಲಿನ್ಯಾಗ ನೆಕ್ ಮತ್ತ ಫ್ರೆಟ್ ಕೆಟ್ಟಿದ್ರ ಲಾಂಗ್ ಸ್ಕೇಲಿಗಿಂತ ಹೆಚ್ಚ ಎದ್ದ ಕಾಣ್ತೈತಿ.

ಹೋಗೂಮುಂದ ಚೀಲದಾಗ ಏನಿರ್ಬೇಕು

ಟೇಪು, ಸಣ್ಣ ಟಾರ್ಚ್, ಪ್ಲಸ್ ಸ್ಕ್ರೂಡ್ರೈವರ್, ಆಲನ್ ಕೀ ಸೆಟ್, ಮಲ್ಟಿಮೀಟರ್, ನಿಮ್ದ ಒಂದ್ ಚಲೋ ಕೇಬಲ್, ಕ್ಯಾಪೋ (ನೆಕ್ಕಿಗೆ ಹಾಕಿ ತಂತಿ ಒತ್ತಿ ಹಿಡಿಯೋ ಕ್ಲಿಪ್), ಒಂದ್ ಗಟ್ಟಿ ವಿಸಿಟಿಂಗ್ ಕಾರ್ಡ್, ಫೋನಿನ್ಯಾಗ ಟ್ಯೂನರ್ ಆಪ್. ಇನ್ನೊಂದ್ ಭಾಳ ಉಪಯೋಗದ್ದು, ನೋಟ್ ಖರೇದೋ ಖೋಟಾನೋ ನೋಡಾಕ ಅಂಗಡ್ಯಾಗ ಇಟ್ಟಿರ್ತಾರಲ್ಲ ಆ ನೇರಳಿ ಬೆಳಕಿನ ಸಣ್ಣ ಬ್ಯಾಟ್ರಿ. ಅದ್ರ ಕೆಲ್ಸ ಮುಂದ ಹೇಳ್ತೀನಿ.

ಫೋನ್‌ನ್ಯಾಗ ಮೊದ್ಲ ಮೂರ್ ಫೋಟೋ ಕೇಳ್ರಿ: ತಲೀ ಹಿಂಭಾಗ, ಬಾಡಿ ಹಿಂಭಾಗ, ಬ್ರಿಜ್ ಸನೇ. ಮುಂದಿನ ಫೋಟೋ ಎಲ್ಲಾರೂ ಕಳಸ್ತಾರ, ಹಿಂದಿಂದ ಯಾರೂ ಕಳ್ಸಂಗಿಲ್ಲ. ಇನ್ನೊಂದ್ ಪ್ರಶ್ನೆ ಫೋನ್‌ನ್ಯಾಗ ಕೇಳಿಬಿಡ್ರಿ, “ತಗದ ಹಳೇ ಪಾರ್ಟ್ ಇಟ್ಟೀರೇನ್ರಿ?” ಅಂತ. ಹಳೇ ಬಿರಡಿ, ಹಳೇ ಪಿಕಪ್, ಬ್ರಿಜ್ ಮ್ಯಾಲಿನ ಕವರ್ ಒಂದ್ ಡಬ್ಬಿಯೊಳಗ ಇದ್ರ ಆ ಬೇಸಿನ ಬೆಲೀನ ಬ್ಯಾರೆ.

ಒಳಗ ಬಿಚ್ಚಿ ನೋಡ್ತೀನಂತನೂ ಮೊದ್ಲ ಕೇಳ್ಬೇಕು. ಕ್ಯಾಂಪ್‌ನ್ಯಾಗ ಒಬ್ರು ವಯಸ್ಸಾದೋರ ಮನಿಗೆ ಹೋದಾಗ ನಾ ಕೇಳಿದ್ದು ಇಷ್ಟ, “ಅಂಕಲ್, ನಾಲ್ಕ್ ಸ್ಕ್ರೂ ಬಿಚ್ಚಿ ಒಳಗ ನೋಡ್ಲೇನ್ರಿ? ನಿಮ್ ಮುಂದನ ಬಿಚ್ತೀನಿ, ನಿಮ್ ಮುಂದನ ಹಚ್ತೀನಿ.” ಅವ್ರು “ನೋಡ್ ತಮ್ಮಾ, ಅದ್ರಾಗ ಮುಚ್ಚಿಡೋದ್ ಏನೈತಿ” ಅಂದು ತಾವ ಒಂದ್ ತಾಟು ತಂದ್ ಕೊಟ್ರು ಸ್ಕ್ರೂ ಇಡಾಕ. ಬಿಚ್ಚಾಕ ಕೊಡಂಗಿಲ್ಲ ಅಂದೋರ ಕಡೆ ನಾ ಈಗ ತಗೊಳ್ಳಂಗಿಲ್ಲ, ಕೊಟ್ರೂ ಬರೇ ಕಟ್ಟಿಗಿ ರೇಟಿಗೆ ಕೊಡ್ರಿ ಅಂತೀನಿ.

ಮೊದ್ಲ ನೆಕ್

ಆಂಪ್ಲಿಫೈಯರ್ ಹಚ್ಚೂಕಿಂತ ಮೊದ್ಲ ನೆಕ್ ನೋಡ್ರಿ, ಯಾಕಂದ್ರ ಆವಾಜು ಕೇಳಿದ್ಮ್ಯಾಲ ಮನಸ್ಸು ಜಾರತೈತಿ. ತಂತಿ ಪೂರಾ ಶ್ರುತಿಗೆ ಏರಿಸ್ರಿ, ಸಡಲ ತಂತಿಯಾಗ ನೆಕ್ ನೋಡಿದ್ರ ಸುಳ್ಳ ಹೇಳ್ತೈತಿ. ಬಾಡಿ ಕಡಿಂದ ಒಂದ್ ಕಣ್ಣ ಮುಚ್ಚಿ, ಬಂದೂಕ ಗುರಿ ಹಿಡದಂಗ ಫ್ರೆಟ್‌ಬೋರ್ಡಿನ ಎರಡೂ ಅಂಚಿನ ಗುಂಟ ನೋಡ್ರಿ. ಎರಡೂ ಅಂಚು ಒಂದ ನಮೂನಿ ಸ್ವಲ್ಪ ಮುಂದ ಬಾಗಿದ್ರ ಅಡ್ಡಿಯಿಲ್ಲ. ಒಂದ್ ಅಂಚು ನೆಟ್ಟಗ, ಇನ್ನೊಂದು ಬಾಗಿ ಐತಿ ಅಂದ್ರ ನೆಕ್ ತಿರುಚೈತಿ, ಅದನ್ನ ಟ್ರಸ್ ರಾಡ್ ಸರಿ ಮಾಡಂಗಿಲ್ಲ, ಅಲ್ಲಿಗೆ ನಮಸ್ಕಾರ ಹೇಳಿ ಎದ್ದ ಬರ್ರಿ.

ಬಾಗು ಎಷ್ಟೈತಿ ಅಂತ ತಿಳ್ಕೊಳ್ಳಾಕ ಮೊದಲನೇ ಫ್ರೆಟ್ಟಿಗೆ ಕ್ಯಾಪೋ ಹಾಕಿ, ಅದ ತಂತೀನ ಕಡೀ ಫ್ರೆಟ್ಟಿನ್ಯಾಗ ಬಳ್ಳಲೆ ಒತ್ತಿ ಹಿಡೀರಿ. ತಂತಿ ಈಗ ಸ್ಕೇಲ್ ಪಟ್ಟಿ ಇದ್ದಂಗ. 7ನೇ, 8ನೇ ಫ್ರೆಟ್ಟಿನ ಹತ್ರ ತಂತಿಗೂ ಫ್ರೆಟ್ಟಿಗೂ ನಡುವ ಕಾರ್ಡ್ ತೂರಸ್ರಿ. ಗಟ್ಟಿ ಕಾರ್ಡು ಸುಮಾರು 0.3 ಮಿಮೀ ಇರ್ತೈತಿ, ಅದು ತಂತಿಗೆ ತಾಗಿ ತಾಗದಂಗ ಹೋದ್ರ ಭೇಷ್. ಮೂರ್ ನಾಲ್ಕ್ ಕಾರ್ಡ್ ಹೋಗೋ ಅಷ್ಟ ಸಂದು ಇದ್ರ ಬಾಗು ಭಾಳ ಆತು. ಸಂದ ಇಲ್ಲ, ತಂತಿ ಫ್ರೆಟ್ಟಿಗೆ ಅಂಟಿ ಕುಂತೈತಿ ಅಂದ್ರ ನೆಕ್ ಪೂರಾ ನೆಟ್ಟಗೈತಿ ಇಲ್ಲಾ ಹಿಂದ ಬಾಗೈತಿ, ಟ್ರಸ್ ರಾಡ್ ಸಡಲ ಮಾಡಿದ್ರ ಬಂದ್ರೂ ಬರಬಹುದು.

ಈಗ ಟ್ರಸ್ ರಾಡ್. ಇದನ್ನ ನೋಡದ ಬರ್ಬ್ಯಾಡ್ರಿ. ಗಿಬ್ಸನ್‌ದಾದ್ರ ನಟ್ ಹಿಂದ ತಲೀ ಮ್ಯಾಲ ಗಂಟಿ ಆಕಾರದ ಸಣ್ಣ ಮುಚ್ಚಳ ಇರ್ತೈತಿ, ಅದನ್ನ ತಗದ್ರ ಕಾಣ್ತೈತಿ. ಹಳೇ ಮಸ್ಟಾಂಗ್, ಮ್ಯೂಸಿಕ್‌ಮಾಸ್ಟರ್‌ದಾದ್ರ ನೆಕ್ಕಿನ ಬುಡದಾಗ ಇರ್ತೈತಿ, ತಂತಿ ಸಡಲ ಮಾಡಿ ನೆಕ್ ಬಿಚ್ಚಬೇಕಾಗ್ತೈತಿ, ಅದಕ್ಕ ಮಾಲಕರ ಒಪ್ಪಿಗಿ ಬೇಕು. ಹಳೇ ಜಪಾನಿಗಳಾಗ ಎಷ್ಟೋ ಬೇಸಿಗೆ ತಿರುವೋ ರಾಡ್ ಇರಂಗಿಲ್ಲ, ತಲೀ ಮ್ಯಾಲ ಸ್ಟೀಲ್ ರೀಇನ್‌ಫೋರ್ಸ್ಡ್ ನೆಕ್ ಅಂತ ತಗಡ ಹೊಡದಿರ್ತಾರ, ಒಳಗ ಬರೇ ಒಂದ್ ಕಬ್ಬಿಣದ ಪಟ್ಟಿ. ಅಂಥಾದ್ದು ನೆಟ್ಟಗಿದ್ರ ತಗೋರಿ, ಬಾಗಿದ್ರ ಕೈ ಮುಗೀರಿ. ರಾಡ್ ಇದ್ರ ಕೀಲಿ ಹಾಕಿ ಮೊದ್ಲ ಎಡಕ್ಕ ಎಂಟನೇ ಒಂದ್ ಸುತ್ತು ಸಡಲ ಮಾಡ್ರಿ, ಆಮ್ಯಾಲ ವಾಪಸ್ ಬಿಗೀರಿ. ಎರಡೂ ಕಡೆ ಮೆತ್ತಗ ತಿರಗಿತಂದ್ರ ಜೀವ ಐತಿ. ನೆಕ್ ಮುಂದ ಬಾಗಿ, ಮತ್ತ ಬಲಕ್ಕ ತಿರುವಾಕ ಜಾಗಾನ ಇಲ್ಲ, ರಾಡಿನ ತುದಿಯ ನಟ್ಟು ಮರದೊಳಗ ಹೂತ ಕುಂತೈತಿ, ಇಲ್ಲಾ ಯಾರೋ ವಾಶರ್ ಮ್ಯಾಲ ವಾಶರ್ ಹಾಕ್ಯಾರ ಅಂದ್ರ ಅದು ನಾ ತಗೊಂಡಂಥ ಬೇಸ್. ಜೋರ ಮಾಡಿ ತಿರುವಬ್ಯಾಡ್ರಿ, ರಾಡ್ ಒಳಗ ಮುರದ್ರ ಆ ಬೇಸ್ ನಿಮ್ಮ ಕೊಳ್ಳಿಗೆ ಬೀಳ್ತೈತಿ.

ತಲೀಗೆ ಬರೋಣ. ಗಿಬ್ಸನ್ ಇಬಿಗಳ ನೆಕ್ ಮಹಾಗನಿ, ತಲೀ ಹಿಂದಕ್ಕ ವಾಲಿರ್ತೈತಿ, ಟ್ರಸ್ ರಾಡಿನ ತೂತು ಅಲ್ಲೇ ಇರೋದ್ರಿಂದ ನಟ್ ಹಿಂದಿನ ಮರ ತೆಳ್ಳಗ. ಕೆಳಗ ಬಿದ್ರ ಮುರಿಯೋ ಜಾಗಾ ಅದ. ಅಲ್ಲಿ ಉಗುರಲೆ ಮೆತ್ತಗ ಎಳೀರಿ, ಗೆರಿ ಸಿಕ್ರ ಟಾರ್ಚ್ ಅಡ್ಡ ಹಿಡದ ನೋಡ್ರಿ. ಈಗ ಆ ನೋಟಿನ ಬ್ಯಾಟ್ರಿ ತಗೀರಿ, ಕ್ವಾಣಿ ಬಾಗಿಲಾ ಹಾಕಿ ಕತ್ತಲಿ ಮಾಡಿ ಹಿಡದ್ರ ನೈಟ್ರೋ ಲ್ಯಾಕರ್ ಅನ್ನೋ ಹಳೇ ಮೆರುಗಿನ ಬಣ್ಣ ಹಳದಿ ಹಸರ ಬಣ್ಣದಾಗ ಮಂದಗ ಹೊಳೀತೈತಿ, ಆಮ್ಯಾಲ ಯಾರರ ಬಣ್ಣ ಹಚ್ಚಿದ್ದ ಜಾಗಾ ಕಪ್ಪಗೋ ಬ್ಯಾರೆ ಬಣ್ಣದಾಗೋ ಕಾಣ್ತೈತಿ. ಮುರದು ಚಲೋತ್ನಾಗ ಅಂಟಿಸಿದ ತಲೀ ಎಷ್ಟೋ ವರ್ಷ ನಡೀತೈತಿ, ನುಡಸೋರಿಗೆ ತೊಂದ್ರಿ ಇಲ್ಲ, ಆದ್ರ ಬೆಲಿ ಇಳೀಲೇಬೇಕು, ಅದನ್ನ ಮಾರೋರು ತಾವಾಗಿ ಹೇಳಿದ್ರ ಅವ್ರ ಮ್ಯಾಲ ನಂಬಿಕಿ ಇಡ್ರಿ.

ಫ್ರೆಟ್: ತಂತಿ ಕೆಳಗ ಗುಳಿ ಬಿದ್ದಾವೇನ್ ನೋಡ್ರಿ, ಅದ್ರಾಗೂ ಮೊದಲ ಐದ್ ಫ್ರೆಟ್ಟು. ಸಣ್ಣ ಗುಳಿ ಇದ್ರ ಸವರಿ ಲೆವೆಲ್ ಮಾಡ್ತಾರ. ಫ್ರೆಟ್ಟಿನ ಎತ್ತರಾನ ಉಳಿದಿಲ್ಲ ಅಂದ್ರ ಪೂರಾ ಹೊಸಾ ಹಾಕಸ್ಬೇಕು, ಆ ಖರ್ಚ ಬೆಲಿಯೊಳಗ ಕಳೀರಿ. ಯಾರರ ಫ್ರೆಟ್ ಕಿತ್ತು ಫ್ರೆಟ್‌ಲೆಸ್ ಮಾಡಿದ್ದು ಬಂದ್ರ, ಕಿತ್ತೂಮುಂದ ಬೋರ್ಡಿನ ಮರ ಚಕ್ಕಿ ಎದ್ದೈತೇನ್ ನೋಡ್ರಿ, ಸಾಲು ನೆಟ್ಟಗ ತುಂಬಿದ್ರ ಮತ್ತ ಫ್ರೆಟ್ ಹಾಕಾಕ ಬರ್ತೈತಿ.

ಬಾಡಿಯೊಳಗ ಕೊರದದ್ದು

ಮುಂದಿನ ಪ್ಲಾಸ್ಟಿಕ್ ಪ್ಲೇಟ್ ಬಿಚ್ಚಿದ್ರ ಕಥಿ ತಾನ ಕಾಣ್ತೈತಿ. ಕ್ಯಾಂಪಿನ ಆ ಅಂಕಲ್ ಮನಿಯಾಗ ಬಿಚ್ಚಿದ್ದು ಒಂದ್ ಮ್ಯೂಸಿಕ್‌ಮಾಸ್ಟರ್. ಒಂದ್ ಗುಂಡಿಯ ಅಂಚು ನುಣ್ಣಗ, ಒಳಗೋಡಿ ಮ್ಯಾಲ ಹಳೇ ಬಣ್ಣದ ಮಂಜು ಕುಂತಿತ್ತು, ಮೂಲಿ ಗುಂಡಗಿದ್ವು, ಅದು ಫ್ಯಾಕ್ಟರಿದು. ಅದ್ರ ಪಕ್ಕ ಎರಡು ಚೌಕ ಗುಂಡಿ, ಮೂಲಿ ಚೂಪ, ಗೋಡಿ ಮ್ಯಾಲ ಉಳಿ ಹೊಡದ ಹೆಜ್ಜಿ ಒಂದರ ಮ್ಯಾಲೊಂದ ಎಣಿಸಾಕ ಬರ್ತಿದ್ವು, ಮರ ಹಸೀ ಬಿಳೀ ಇದ್ದಂಗ, ಅಂಚಿನ್ಯಾಗ ಪೆನ್ಸಿಲ್ ಗೆರಿ ಇನ್ನೂ ಇತ್ತು. ಪ್ರಿಸಿಷನ್ ನಮೂನಿ ಎರಡು ತುಂಡಿನ ಪಿಕಪ್ ಹಾಕಾಕ ಯಾರೋ ಬಡಿಗ್ಯಾರು ಕೊರದಿದ್ರು. ಕೆಲ್ಸ ಒರಟ, ಆದ್ರ ಅಳತಿ ಸರಿ, ತಳ ತೆಳ್ಳಗಾಗಿರ್ಲಿಲ್ಲ, ನೆಕ್ ಕೂಡೋ ಜಾಗಾಕ್ಕ ಕೈ ಹಚ್ಚಿರ್ಲಿಲ್ಲ. ಇಂಥಾದ್ದು ಮರಕ್ಕ ಆದ ಗಾಯ ಖರೇ, ಆದ್ರ ಪ್ಲೇಟಿನ ಕೆಳಗ ಮುಚ್ಚತೈತಿ, ನುಡಸೋರಿಗೆ ಏನೂ ಆಗಂಗಿಲ್ಲ. ಮ್ಯೂಸಿಕ್‌ಮಾಸ್ಟರಿಗೆ ಫ್ಯಾಕ್ಟರಿಯಿಂದ ಬರ್ತಿದ್ದದ್ದು ಆರು ತಂತಿ ಗಿಟಾರಿನ ಪಿಕಪ್ಪು, ಆವಾಜು ತೆಳ್ಳಗ, ಹಿಂಗಾಗಿ ಬದಲಿ ಮಾಡಿದೋರ ತಪ್ಪಂತ ನಾ ಅನ್ನಂಗಿಲ್ಲ.

ಗಿಬ್ಸನ್ ಇಬಿ-0ಗೆ ಒಂದ ಪಿಕಪ್ಪು, ನೆಕ್ ಹತ್ರ, ಆವಾಜು ಭಾಳ ದಪ್ಪ, ಹಿಂಗಾಗಿ ಬ್ರಿಜ್ ಹತ್ರ ಇನ್ನೊಂದ್ ಪಿಕಪ್ ಕೊರಸೋದು ಎಲ್ಲಾ ಕಡೆ ನಡದ ಬಂದಿದ್ದು. ಅಲ್ಲಿ ಪ್ಲೇಟ್ ಮುಚ್ಚಂಗಿಲ್ಲ, ಬಾಡಿನೂ ತೆಳ್ಳಗ. ಗುಂಡಿ ಆಳ ಹೋಗಿ ಹಿಂದಿನ ಮರ ತಟ್ಟಿದ್ರ ಡಬಡಬ ಅಂತೈತೇನ್ ಕೇಳ್ರಿ. ಕೊರೀದನ ಮೊದಲಿನ ಗುಂಡಿಯೊಳಗನ ಬ್ಯಾರೆ ಪಿಕಪ್ ಕುಂಡ್ರಿಸಿದ್ರ, ಉದಾಹರಣಿಗೆ ಡಿಮಾರ್ಜಿಯೋ ಮಾಡೆಲ್ ಒನ್, ಅದು ಚಲೋ ಬದಲಾವಣಿ, ವಾಪಸ್ ತಿರುಗಿಸಾಕ ಬರ್ತೈತಿ.

ಅತೀ ಕೆಟ್ಟದ್ದು ನೆಕ್ ಕೂಡೋ ಜಾಗಾದಾಗ ಕೆತ್ತಿದ್ದು. ಬ್ಯಾರೆ ಗಿಟಾರಿನ ನೆಕ್ ಹಾಕಾಕ ಅಗಲ ಮಾಡಿ, ಸಂದಿನ್ಯಾಗ ಕಾರ್ಡು, ಮರದ ಚಕ್ಕಿ ತುರುಕಿರ್ತಾರ. ತಂತಿ ಹಾಕಿದ ಮ್ಯಾಲ ಇ ತಂತಿಗೂ ಬೋರ್ಡಿನ ಅಂಚಿಗೂ ಇರೋ ಜಾಗಾ, ಜಿ ತಂತಿಗೂ ಅಂಚಿಗೂ ಇರೋ ಜಾಗಾ ಎರಡೂ ಸರಿಸಮ ಇರ್ಬೇಕು. ಒಂದ್ ತಂತಿ ಅಂಚಿನಿಂದ ಜಾರಿ ಬೀಳೂ ಹಂಗಿದ್ರ ನೆಕ್ ವಾರಿ ಕುಂತೈತಿ ಇಲ್ಲಾ ಬ್ರಿಜ್ ವಾರಿ ಕುಂತೈತಿ. ನಾಲ್ಕ್ ಸ್ಕ್ರೂ ಸಡಲ ಮಾಡಿ ನೆಕ್ ಒಂಚೂರು ಎಳದ ಬಿಗಿದ್ರ ಸರಿಹೋಗೋದೂ ಐತಿ, ಹಿಂಗಾಗಿ ಗಾಬರಿ ಬ್ಯಾಡ.

ತುಂಬಿ ಮುಚ್ಚಿದ ತೂತು ಹುಡಕಾಕ ಟಾರ್ಚ್ ಬಾಡಿಗೆ ಅಡ್ಡ ಹಿಡೀರಿ. ತುಂಬಿದ ಪುಟ್ಟಿ ವರ್ಷಾ ವರ್ಷಾ ಕುಗ್ತೈತಿ, ಬಣ್ಣದ ಕೆಳಗ ಗುಂಡನ ಉಂಗರ ಇದ್ದಂಗ ನೆರಳ ಬೀಳ್ತೈತಿ. ಪೂರಾ ಹೊಸಾ ಬಣ್ಣ ಹೊಡದಿದ್ರ ಸ್ಕ್ರೂ ತೂತಿನೊಳಗೂ, ನೆಕ್ ಕೂಡೋ ಗುಂಡಿಯೊಳಗೂ ಬಣ್ಣ ಹರದಿರ್ತೈತಿ. ಫೆಂಡರ್ 1968ರ ಸುಮಾರಿಗೆ ದಪ್ಪ ಪಾಲಿಯೆಸ್ಟರ್ ಬಣ್ಣಕ್ಕ ಹೋತು, ಹಿಂಗಾಗಿ ಅದ್ರ ಆಮ್ಯಾಲಿಂದಕ್ಕ ನೈಟ್ರೋದ ಸಣ್ಣ ಬಿರುಕು ಕಾಣ್ಲಿಲ್ಲಂತ ಅನುಮಾನ ಬ್ಯಾಡ. ಹೊಸಾ ಬಣ್ಣ ಆದ್ರ ಸಂಗ್ರಹ ಮಾಡೋರ ಲೆಕ್ಕದಾಗ ಅರ್ಧ ಬೆಲಿ ಹೋತು ಅಂತಾರ, ನುಡಸೋರಿಗೆ ಅದ ಲಾಭ.

ಹುಳ ಮರೀಬ್ಯಾಡ್ರಿ. ಅಟ್ಟದ ಮ್ಯಾಲ ವರ್ಷಗಟ್ಲೆ ಇದ್ದ ಬೇಸಿನ್ಯಾಗ ಸೂಜಿ ಚುಚ್ಚಿದಂಥ ತೂತು, ಕೇಸಿನ ತಳದಾಗ ಹಿಟ್ಟಿನಂಥ ಪುಡಿ ಇದ್ರ ಒಳಗ ಇನ್ನೂ ತಿನ್ನಾಕ ಹತ್ಯಾವ. ಸಮುದ್ರದ ಕಡಿಂದ ಬಂದದ್ದಾದ್ರ ಪಿಕಪ್ಪಿನ ಕಬ್ಬಿಣದ ಗುಂಡು, ಬ್ರಿಜ್ ಸ್ಕ್ರೂ ತುಕ್ಕ ಹಿಡದಿರ್ತಾವ. ಸ್ಕ್ರೂ ಒಂದ್ ಸಲ ತಿರುವಿ ನೋಡ್ರಿ, ತಿರಗಲಿಲ್ಲಂದ್ರ ಶ್ರುತಿ ಕುಂಡ್ರಿಸಾಕ ಬರಂಗಿಲ್ಲ.

ಒಳಗಿನ ವಾಯರು, ಪಿಕಪ್ಪು

ಮಲ್ಟಿಮೀಟರ್ 20 ಕಿಲೋಓಮಿಗೆ ಇಡ್ರಿ, ಗಿಬ್ಸನ್ ಇಬಿ ಇದ್ರ 200ಕ್ಕ. ಕೇಬಲ್ ಬೇಸಿಗೆ ಚುಚ್ಚಿ, ವಾಲ್ಯೂಮ್, ಟೋನ್ ಪೂರಾ ತಗದು, ಕೇಬಲಿನ ಇನ್ನೊಂದ್ ತುದಿಯ ಮೊನಿಗೂ ಬುಡಕ್ಕೂ ಮೀಟರಿನ ಕಡ್ಡಿ ಹಚ್ರಿ. ಮ್ಯೂಸಿಕ್‌ಮಾಸ್ಟರಿನಂಥ ಸಿಂಗಲ್ ಕಾಯಿಲಿಗೆ 5ರಿಂದ 7, ಎರಡು ತುಂಡಿನ ಪ್ರಿಸಿಷನ್ ಪಿಕಪ್ಪಿಗೆ 10ರಿಂದ 12, ಇಬಿ-0ದ ದೊಡ್ಡ ಪಿಕಪ್ಪಿಗೆ 25ರಿಂದ 30ರ ಹತ್ರ. ಮೀಟರಿನ್ಯಾಗ ಏನೂ ಬರ್ಲಿಲ್ಲಂದ್ರ ಒಳಗ ತಂತಿ ಕಡದೈತಿ ಇಲ್ಲಾ ಬೆಸಗಿ ಬಿಟ್ಟೈತಿ, ಸೊನ್ನಿ ಬಂದ್ರ ಶಾರ್ಟ್ ಆಗೈತಿ. ಎರಡು ತುಂಡಿಂದು 10ರ ಬದ್ಲಿ 5 ತೋರ್ಸಿದ್ರ ಒಂದ್ ತುಂಡು ಶಾರ್ಟ್ ಆಗಿರಬಹುದು, ಸ್ಕ್ರೂಡ್ರೈವರಿನ ತುದೀಲೆ ಒಂದೊಂದ್ ತುಂಡಿನ ಮ್ಯಾಲ ಮೆತ್ತಗ ತಟ್ಟಿ ಎರಡೂ ಟಕ್ ಟಕ್ ಅಂತಾವೇನ್ ಆಂಪಿನ್ಯಾಗ ಕೇಳ್ರಿ. ಒಳಗ 9 ವೋಲ್ಟ್ ಬ್ಯಾಟ್ರಿ ಹಾಕಿ ಪ್ರೀಆಂಪ್ ಕುಂಡ್ರಿಸಿದ್ರ ಹೊರಗಿಂದ ಮಾಡೋ ಈ ಲೆಕ್ಕ ಹತ್ತಂಗಿಲ್ಲ, ಪಿಕಪ್ಪಿನ ವಾಯರಿಗೇ ಮೀಟರ್ ಹಚ್ಬೇಕು.

ಪಾಟಿನ ಬೆನ್ನ ಮ್ಯಾಲ ಒಂದ್ ನಂಬರ್ ಒತ್ತಿರ್ತಾರ, ಅಮೆರಿಕದ ಬೇಸಿನ್ಯಾಗ ಇದು ಪಂಚಾಂಗ ಇದ್ದಂಗ. 1376632 ಅಂತ ಇತ್ತಂತ ತಿಳ್ಕೋರಿ, 137 ಅಂದ್ರ ಸಿಟಿಎಸ್ ಕಂಪನಿ, 66 ಅಂದ್ರ 1966, 32 ಅಂದ್ರ ಆ ವರ್ಷದ 32ನೇ ವಾರ. 304ರಿಂದ ಶುರುವಾದ್ರ ಸ್ಟ್ಯಾಕ್‌ಪೋಲ್. ಇದ್ರಿಂದ ಬೇಸು 66ರದ್ದ ಅಂತ ಸಿದ್ಧ ಆಗಂಗಿಲ್ಲ, ಪಾಟು ಮೊದಲಿಂದಿದ್ರ ಆ ವಾರಕ್ಕಿಂತ ಹಿಂದಿಂದಲ್ಲ ಅಂತಷ್ಟ. ಫೆಂಡರ್ ಒಮ್ಮೆಲೆ ರಾಶಿ ಪಾಟ್ ತಗೊಂಡು ಮುಂದ ಎರಡ್ ಮೂರ್ ವರ್ಷ ಹಾಕಿದ್ದೂ ಐತಿ. ಮಾರೋರು 1965 ಅಂತಾರ, ಪಾಟು 1972 ಅಂತೈತಿ ಅಂದ್ರ ಬೆಸಗಿ ನೋಡ್ರಿ. ಹಳೇ ಬೆಸಗಿ ಮಂಕ, ಬೂದಿ ಬಣ್ಣ. ಹೊಸಾದು ಮಿಂಚತೈತಿ, ಪಕ್ಕ ಕಂದು ಅಂಟು ಹರದಿರ್ತೈತಿ, ವಾಯರ್ ಪ್ಲಾಸ್ಟಿಕ್ಕಿಂದಿರ್ತೈತಿ. ಬೆಸಗಿ ಮುಟ್ಟದ ಹಂಗ ಇದ್ದು ಪಾಟು 1972 ಇತ್ತಂದ್ರ ಹೇಳಿದ ವರ್ಷನ ಸುಳ್ಳು. ನೆಕ್ಕಿನ ಬುಡದಾಗ ಫೆಂಡರಿನೋರು ತಾರೀಖು ಒತ್ತಿರ್ತಿದ್ರು, ನೆಕ್ ಹೆಂಗೂ ಬಿಚ್ಚಿದ್ದ ಹೊತ್ತಿನ್ಯಾಗ ಒಂದ್ ಫೋಟೋ ತಕ್ಕೋರಿ.

ಗುಂಯ್ ಅನ್ನೋ ಆವಾಜಿಗೆ ಬೇಸನ್ನ ಬೈಯೂಕಿಂತ ಮೊದ್ಲ ಮನೀ ಅರ್ಥಿಂಗ್ ನೋಡ್ರಿ. ನಮ್ಮ ಕಡೆ ಹಳೇ ಮನಿಗಳಾಗ ಮೂರ್ ಪಿನ್ನಿನ ಸಾಕೆಟ್ಟಿದ್ರೂ ಅರ್ಥ್ ವಾಯರ್ ಎಲ್ಲೂ ಹೋಗಿರಂಗಿಲ್ಲ. ತಂತಿ ಮುಟ್ಟಿದ ಕೂಡ್ಲೆ ಗುಂಯ್ ಕಡಿಮಿ ಆದ್ರ ಬ್ರಿಜ್‌ಗೆ ಹೋಗೋ ಅರ್ಥ್ ವಾಯರ್ ಕೂಡೈತಿ ಅಂತ. ತಂತಿ ಮುಟ್ಟಿದಾಗ ಜುಂ ಅಂತ ಶಾಕ್ ಹೊಡೀತಂದ್ರ ಆವಾಗಿಂದಾವಾಗ ಆಂಪ್ ಬಂದ್ ಮಾಡಿ ಬ್ಯಾರೆ ಕಡೆ ಪರೀಕ್ಷಾ ಮಾಡ್ರಿ, ಇದು ಜೀವದ ಪ್ರಶ್ನೆ.

ಬಿರಡಿ, ಬ್ರಿಜ್, ತಂತಿ

ಬಿರಡಿ ಬದಲಿ ಆಗಿದ್ರ ಹಳೇ ಸ್ಕ್ರೂ ತೂತು ಪಕ್ಕದಾಗ ಕಾಣ್ತಾವ, ಅದು ಸಣ್ಣ ಮಾತು. ತೂತು ದೊಡ್ಡದ ಮಾಡಿ ಹಾಕಿದ್ರ ಹಳೇ ಬಿರಡಿ ವಾಪಸ್ ಕೂಡಂಗಿಲ್ಲ, ಆ ಲೆಕ್ಕ ಇಟ್ಕೋರಿ. ಒಂದೊಂದ್ ಬಿರಡಿ ತಿರುವಿ, ತಿರುವಿದ ಕೂಡ್ಲೆ ಸ್ವರ ಏರ್ತೈತೋ, ಅರ್ಧ ಸುತ್ತು ಖಾಲಿ ತಿರಗ್ತೈತೋ ನೋಡ್ರಿ.

ಬ್ರಿಜ್ ಪರೀಕ್ಷಾ: 12ನೇ ಫ್ರೆಟ್ಟಿನ ಮ್ಯಾಲ ತಂತಿ ಮುಟ್ಟಿ ಬಿಟ್ರ ಬರೋ ಸಣ್ಣ ಗಂಟಿಯಂಥ ಸ್ವರ, ಅದ ಫ್ರೆಟ್ ಒತ್ತಿ ನುಡಿಸಿದ ಸ್ವರ, ಎರಡೂ ಟ್ಯೂನರಿನ್ಯಾಗ ಒಂದ ಬರ್ಬೇಕು. ಒತ್ತಿದ್ದು ಏರಿದ್ರ ಸ್ಯಾಡಲ್ (ಬ್ರಿಜ್ ಮ್ಯಾಲ ತಂತಿ ಕೂಡೋ ಸಣ್ಣ ತುಂಡು) ಹಿಂದಕ್ಕ ಹೋಗ್ಬೇಕು, ಇಳದ್ರ ಮುಂದಕ್ಕ. ಹಿಂದ ಹೋಗಾಕ ಜಾಗಾ ಉಳದೈತೇನ್ ಇ ತಂತಿದು ಮುಖ್ಯ ನೋಡ್ರಿ, ಶಾರ್ಟ್‌ಸ್ಕೇಲಿನ್ಯಾಗ ಅದ ಮೊದ್ಲ ಕೈ ಕೊಡೋದು. ಹಳೇ ಇಬಿ-0ದ ಒಂದ ತುಂಡಿನ ಬ್ರಿಜ್‌ನ್ಯಾಗ ತಂತಿಗೊಂದ್ ಸ್ಯಾಡಲ್ ಸರಸಾಕ ಬರಂಗಿಲ್ಲ, ಹಿಂಗಾಗಿ ಅದ ಎರಡು ಸ್ಕ್ರೂದ ಮ್ಯಾಲ ಕೂಡೋ ಹೊಸಾ ಬ್ರಿಜ್ ಯಾರರ ಹಾಕಿದ್ರ ಖುಷಿ ಪಡ್ರಿ. ಇಂಥಾ ಬದಲಾವಣಿಗೆ ನಾ ರೊಕ್ಕ ಕಡಿಮಿ ಮಾಡ್ರಿ ಅಂತ ಕೇಳಂಗಿಲ್ಲ.

ತಂತೀನೂ ಒಂದ್ ಖರ್ಚು. ಲಾಂಗ್ ಸ್ಕೇಲ್ ತಂತಿ ಕತ್ತರಿಸಿ ಹಾಕಿರ್ತಾರ, ದಪ್ಪ ಸುತ್ತಿದ ಭಾಗ ಬಿರಡಿ ಕಂಬಕ್ಕ ಸುತ್ತಿಕೊಂಡಿದ್ರ ಅದ ಕುರುಹು, ಅದು ಜಾರತೈತಿ, ಬಿರೀತೈತಿ, ಶ್ರುತಿ ನಿಲ್ಲಂಗಿಲ್ಲ. ಶಾರ್ಟ್‌ಸ್ಕೇಲ್ ತಂತಿ ನಮ್ಮ ಊರಿನ ಅಂಗಡ್ಯಾಗ ಸಿಗೋದು ಕಠಿಣ, ಆನ್‌ಲೈನ್ ತರಸ್ಬೇಕು. ಮಸ್ಟಾಂಗ್‌ನ್ಯಾಗ ತಂತಿ ಬಾಡಿಯ ಹಿಂದಿಂದ ತೂರಿ ಬರ್ತೈತಿ, ಅದಕ್ಕ ಉದ್ದ ಹೆಚ್ಚ ಬೇಕು, ಹಿಂದಿನ ಗುಂಡಿನಿಂದ ನಟ್‌ತನಕ ಅಳದ ತರಸ್ರಿ.

ಈಗ ನುಡಸ್ರಿ

ಮೊದ್ಲ ಆಂಪ್ ಇಲ್ದ. ಒಂದೊಂದ್ ತಂತೀಲೂ ಒಂದೊಂದ್ ಫ್ರೆಟ್ ಒತ್ತಿ, ಕಿವಿ ಹತ್ರ ತಂದು ಕೇಳ್ರಿ. ತಂಬೂರಿಯೊಳಗ ಜೀವಾಳದ ದಾರ ಹಾಕಿ ನಾವ ಝೇಂಕಾರ ತರಸ್ತೀವಿ, ಮಿರಜಿನ ಕುಶಲಕರ್ಮಿಗಳು ಅದ್ರ ಸಲುವಾಗಿ ದಿನಗಟ್ಲೆ ಕುದರಿ, ಅಂದ್ರ ತಂಬೂರಿಯ ಬ್ರಿಜ್, ತಿಕ್ತಾರ, ಆದ್ರ ಬೇಸಿನ್ಯಾಗ ಆ ಝರಝರ ಬಂದ್ರ ಯಾವ್ದೋ ಫ್ರೆಟ್ ಎದ್ದೈತಿ ಇಲ್ಲಾ ನೆಕ್ ಬಾಗೈತಿ. ಎಲ್ಲಾ ಕಡೆ ಝರಝರ ಅಂದ್ರ ತಂತಿ ಎತ್ತರ ಕಡಿಮಿ ಇರ್ಬಹುದು, 12ನೇ ಫ್ರೆಟ್ಟಿನ ಮ್ಯಾಲ ಇ ತಂತಿಯ ಕೆಳಗ 2.5 ಮಿಮೀ ಹತ್ರ ಇಟ್ಟು ಮತ್ತ ನೋಡ್ರಿ. ಒಂದ ಜಾಗಾದಾಗ ಬಂದ್ರ ಫ್ರೆಟ್ಟಿಂದ. ಕಡೀ ನಾಲ್ಕೈದ್ ಫ್ರೆಟ್ಟಿನ್ಯಾಗ ಅಷ್ಟ ಬಂದ್ರ ನೆಕ್ ಬಾಡಿಗೆ ಕೂಡೋ ಜಾಗಾದಾಗ ಮ್ಯಾಲ ಎದ್ದೈತಿ, ಇದು ರಿಪೇರಿಗೆ ತ್ರಾಸಿನ ಕೆಲ್ಸ.

ಆಮ್ಯಾಲ ಆಂಪ್. ಸಣ್ಣ ಗಿಟಾರ್ ಆಂಪಿನ್ಯಾಗ ಪರೀಕ್ಷಾ ಬ್ಯಾಡ, ಇ ತಂತಿ 41 ಹರ್ಟ್ಸ್, ಆ ಸ್ಪೀಕರ್ ಅದನ್ನ ನುಡಿಯಂಗಿಲ್ಲ, ವಾಲ್ಯೂಮ್ ಏರಿಸಿದ್ರ ಸ್ಪೀಕರ್ ಹರೀತೈತಿ. ಕೀಬೋರ್ಡ್ ಆಂಪ್ ಇಲ್ಲಾ ಆರ್ಕೆಸ್ಟ್ರಾದೋರ ಸೌಂಡ್ ಬಾಕ್ಸ್ ಇದ್ರ ಚಲೋ. ನಾಲ್ಕೂ ತಂತಿ ಒಂದ ತೂಕದಲೆ ಕೇಳ್ತಾವೇನ್ ನೋಡ್ರಿ. ಬ್ರಿಜ್ ಬದಲಿ ಮಾಡಿ ತಂತಿಯ ಅಂತರ ಹೆಚ್ಚುಕಡಿಮಿ ಆಗಿದ್ರ ಇ ಇಲ್ಲಾ ಜಿ ಪಿಕಪ್ಪಿನ ಗುಂಡಿನ ಮ್ಯಾಲಿಂದ ಸರದು ಸಣ್ಣಗ ಕೇಳ್ತೈತಿ.

ಪಟ್ಟಿ ಹೆಗಲಿಗೆ ಹಾಕಿ ನಿಂತ ನುಡಿಸಿ ನೋಡ್ರಿ. ಎಸ್‌ಜಿ ಆಕಾರದ ಇಬಿಗಳ ತಲೀ ಕೆಳಗ ಬೀಳ್ತೈತಿ, ಮೂರ್ ತಾಸಿನ ರಸಮಂಜರಿಯೊಳಗ ಎಡಗೈ ನೆಕ್ ಹೊತ್ಕೊಂಡ ನಿಂತಂಗ ಆಗ್ತೈತಿ. ಕುಂತು ನುಡಿಸಿದ್ರ ಇದು ಗೊತ್ತಾಗಂಗಿಲ್ಲ.

ಋತು, ಊರು

ಗೋವಾದ ಹವಾದಾಗ ನೀರಿನ ಅಂಶ ಹೆಚ್ಚ, ಬೆಳಗಾವಿಯೊಳಗ ಜೂನ್‌ನಿಂದ ಸೆಪ್ಟೆಂಬರ್‌ತನಕ ಹಂಗ, ವಿಜಯಪುರ, ಬಾಗಲಕೋಟಿ ಬ್ಯಾಸಗ್ಯಾಗ 40 ಡಿಗ್ರಿ ದಾಟಿ ಒಣಬಿಸಲು. ಮರ ನೀರ ಕುಡದು ಉಬ್ಬತೈತಿ, ಒಣಗಿ ಕುಗ್ತೈತಿ, ಅದೂ ಅಡ್ಡಕ್ಕ. ಬೋರ್ಡ್ ಕುಗ್ಗಿದ್ರೂ ಫ್ರೆಟ್ಟಿನ ಲೋಹ ಕುಗ್ಗಂಗಿಲ್ಲ, ಹಿಂಗಾಗಿ ಫ್ರೆಟ್ಟಿನ ತುದಿ ಹೊರಗ ಬಂದು ಅಂಗೈಗೆ ಗರಗಸ ಇದ್ದಂಗ ಹತ್ತತಾವ. ನೆಕ್ಕಿನ ಅಂಚಿನ ಗುಂಟ ಕೈ ಆಡಿಸ್ರಿ. ಅದು ದೊಡ್ಡ ದೋಷಲ್ಲ, ತುದಿ ಅರದ್ರ ಆತು. ಆದ್ರ ಒಣ ಊರಿನೋರು ಮಳಿಗಾಲದಾಗ ಕೊಳ್ಳೂಮುಂದ ಟ್ರಸ್ ರಾಡಿಗೆ ಎರಡೂ ಕಡೆ ಹೋಗಾಕ ಜಾಗಾ ಐತೇನ್ ಅಂತ ಖಾತ್ರಿ ಮಾಡ್ಕೋಬೇಕು.

ಬೆಲಿ ಮಾತಾಡೋದು

ನಾ ಆ ವಿಸಿಟಿಂಗ್ ಕಾರ್ಡಿನ ಹಿಂದನ ಬರೀತೀನಿ. ಒಂದ್ ಕಡೆ ಈಗಿಂದೀಗ ಹಾಕ್ಬೇಕಾದ ಖರ್ಚು: ತಂತಿ, ಫ್ರೆಟ್ ಲೆವೆಲ್, ಪಾಟು, ಬಿರಡಿ. ಇನ್ನೊಂದ್ ಕಡೆ ಯಾವತ್ತೂ ವಾಪಸ್ ಬರದದ್ದು: ಹೊಸಾ ಗುಂಡಿ, ಹೊಸಾ ಬಣ್ಣ, ಮುರದ ತಲೀ, ಹೋದ ಪಿಕಪ್ಪು. ಹೋಲಿಸಾಕ ಬದಲಾಗದ ಅದ ಮಾಡೆಲ್ಲು ಎಷ್ಟಕ್ಕ ಹೋಗೈತಿ ಅಂತ ನೋಡ್ರಿ, ಕೇಳಿದ ಬೆಲಿ ಬ್ಯಾರೆ, ಮಾರಿದ ಬೆಲಿ ಬ್ಯಾರೆ, ಮಾರಿದ್ದನ್ನ ಹಿಡೀರಿ. ಮೊದಲನೇ ಪಟ್ಟಿ ಪೂರಾ ಕಳೀರಿ. ಎರಡನೇ ಪಟ್ಟಿ ಬಗ್ಗೆ ನೀವು ನುಡಸಾಕ ತಗೊಳ್ತೀರೋ, ಮುಂದ ಮಾರಾಕ ತಗೊಳ್ತೀರೋ ಅದ್ರ ಮ್ಯಾಲ. ಮಾಲಕರ ಮುಂದ ದೋಷ ಎಣಿಸಿ ಎಣಿಸಿ ಹೇಳಬ್ಯಾಡ್ರಿ, ಅದು ಅವ್ರ ಅಪ್ಪಂದೋ ಅಣ್ಣಂದೋ ಇರ್ತೈತಿ. ಕಾರ್ಡ್ ತೋರಿಸಿ, “ಇಷ್ಟ್ ಕೆಲ್ಸ ಮಾಡಸ್ಬೇಕಾಗ್ತೈತ್ರಿ, ಅದನ್ನ ಬಿಟ್ಟು ನಾ ಇಷ್ಟ್ ಕೊಡಬಲ್ಲೆ” ಅಂದ್ರ ಮಾತು ಮುರಿಯಂಗಿಲ್ಲ. ಆ ಮ್ಯೂಸಿಕ್‌ಮಾಸ್ಟರ್ ನನಗ ಹಂಗ ಬಂತು, ಅಂಕಲ್ ಹಳೇ ಪಿಕಪ್ಪು ಬಿಸ್ಕಿಟ್ ಡಬ್ಬಿಯೊಳಗಿಂದ ತಗದು ಮ್ಯಾಲ ಕೊಟ್ರು.

ಹೊರದೇಶದಿಂದ ತರಿಸೋರಿಗೆ ಒಂದ್ ಮಾತು. 2017ರ ಜನವರಿಯಿಂದ ರೋಸ್‌ವುಡ್ ಜಾತಿಯ ಎಲ್ಲಾ ಮರಕ್ಕೂ ಗಡಿ ದಾಟಾಕ ಸೈಟಿಸ್ (ಅಳಿವಿನಂಚಿನ ಗಿಡ-ಪ್ರಾಣಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಕಾಗದ ಬೇಕಾಗಿತ್ತು, 2019ರ ನವೆಂಬರಿನ್ಯಾಗ ತಯಾರಾದ ವಾದ್ಯಗಳಿಗೆ ವಿನಾಯ್ತಿ ಕೊಟ್ರು. ಆದ್ರ ಬ್ರೆಜಿಲ್ ರೋಸ್‌ವುಡ್‌ಗೆ ಆ ವಿನಾಯ್ತಿ ಇಲ್ಲ, 60ರ ದಶಕದ ಬೋರ್ಡುಗಳಾಗ ಅದು ಇರೋ ಸಂಭವ ಐತಿ, ಮಾರೋರನ್ನ ಮೊದ್ಲ ಕೇಳ್ರಿ.

ಮನಿಗೆ ತಂದ ಕೂಡ್ಲೆ ರಾಡ್ ತಿರುವಾಕ ಹೋಗಬ್ಯಾಡ್ರಿ. ಹೊಸಾ ತಂತಿ ಹಾಕಿ, ಶ್ರುತಿಗೆ ಏರಿಸಿ, ಒಂದ್ ವಾರ ಬಿಸಲು ಬೀಳದ ಗ್ವಾಡಿಗೆ ಇಡ್ರಿ, ಊರಿನ ಹವಾಕ್ಕ ಹೊಂದಲಿ. ಆಮ್ಯಾಲ ಕಾರ್ಡ್ ಹಿಡದ ನೋಡಿ ಬೇಕಾದ್ರ ಅಷ್ಟ ತಿರುವ್ರಿ, ಒಂದ್ ಸಲಕ್ಕ ಕಾಲು ಸುತ್ತಿಗಿಂತ ಹೆಚ್ಚ ಬ್ಯಾಡ, ತಿರುವಿ ಒಂದ್ ರಾತ್ರಿ ಬಿಟ್ಟು ಮತ್ತ ನೋಡ್ರಿ. ನೆಕ್ ನಿಂತ ಮ್ಯಾಲ ತಂತಿ ಎತ್ತರ, ಅದು ಮುಗದ ಮ್ಯಾಲ ಬ್ರಿಜ್ ಸ್ಯಾಡಲ್. ಇದ ಕ್ರಮದಾಗ ಮಾಡ್ರಿ, ಸ್ಯಾಡಲ್ ಮೊದ್ಲ ಸರಿಸಿದ್ರ ನೆಕ್ ತಿರುವಿದಾಗೊಮ್ಮೆ ಅದನ್ನ ಮತ್ತ ಮಾಡ್ಬೇಕಾಗ್ತೈತಿ.